ಮೈಸೂರು-ಮಂಡ್ಯ ಸುತ್ತಮುತ್ತಲ ಹಳೇ ಗಣಿಗಳನ್ನು ನೋಡುವುದು ಹೇಗೆ: ನಕ್ಷೆಯಿಂದ ಸುರಂಗದವರೆಗೆ ಸಮಗ್ರ ಮಾರ್ಗದರ್ಶಿ

ನಂಜನಗೂಡು ರಸ್ತೆಯಲ್ಲಿ ದಿನಾ ಓಡಾಡುವವರಲ್ಲೂ ಜಾಸ್ತಿ ಜನಕ್ಕೆ ಆ ಕಡೆಯ ಗಣಿಗಳ ವಿಷಯ ಗೊತ್ತಿಲ್ಲ. ಸಿಂಧುವಳ್ಳಿ, ತಳೂರು ಕಡೆ ಕ್ರೋಮಿಯಂ ಲೋಹದ ಅದಿರಾದ ಕ್ರೋಮೈಟ್ ತೆಗೆದಿದ್ದಾರೆ. ದೊಡ್ಡಕಾನ್ಯದ ಸುತ್ತ ಮ್ಯಾಗ್ನಸೈಟ್ ಅನ್ನುವ ಬಿಳಿ ಖನಿಜ ಅಗೆದಿದ್ದಾರೆ. ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ಕಡೆ ಬೆಳ್ಳಿಬೆಟ್ಟದಲ್ಲಿ ಚಿನ್ನ ಹುಡುಕಿದ ಗುರುತುಗಳಿವೆ. ಇನ್ನು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ತಯಾರಾಗಿದ್ದೇ ಕೋಲಾರದ ಚಿನ್ನದ ಗಣಿಗಳಿಗಾಗಿ. ಅಂದರೆ ಕಾವೇರಿ ನೀರಿನ ಬಲದಲ್ಲಿ ಗಣಿ ಯಂತ್ರಗಳು ತಿರುಗಿದವು. ನಮ್ಮ ಜಿಲ್ಲೆಗಳಿಗೂ ಗಣಿಗೂ ನಂಟು ಅಷ್ಟು ಹಳೆಯದು.

ಈ ಜಾಗಗಳನ್ನು ನೋಡಬೇಕು, ಅರ್ಥ ಮಾಡಿಕೊಳ್ಳಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸುಮ್ನೆ ಟಾರ್ಚ್ ಹಿಡಿದು ನುಗ್ಗಿ ವಿಡಿಯೋ ಮಾಡಬೇಕು ಅನ್ನುವವರಿಗೂ ಇದೇ ಓದು ಬೇಕು, ಯಾಕೆಂದರೆ ಹಾಗೆ ಹೋದವರು ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತಾರೆ ಅನ್ನೋದು ಇದರಲ್ಲಿದೆ.

ಶುರುವಿನಲ್ಲೇ ಒಂದು ಮಾತು. ಗಣಿ ಗುಹೆಯಲ್ಲ. ಗುಹೆಯನ್ನು ನೀರು ಸಾವಿರಾರು ವರ್ಷ ಕೊರೆದಿರುತ್ತದೆ. ಬೀಳಬೇಕಾದ ಬಂಡೆಯಲ್ಲಿ ಬಹುಪಾಲು ಆಗಲೇ ಬಿದ್ದಿರುತ್ತದೆ. ಗಣಿಯನ್ನು ಮನುಷ್ಯ ಮದ್ದು ಹಾಕಿ ಸಿಡಿಸಿ ಮಾಡಿದ್ದು. ಅದಿರು ಸಿಗುವಷ್ಟು ದಿನ ಚಾವಣಿ ನಿಂತರೆ ಸಾಕು ಅಂತ ಲೆಕ್ಕ ಹಾಕಿ ಮರದ ಕಂಬ ಕೊಟ್ಟಿರುತ್ತಾರೆ. ಆ ದಿನಗಳು ಮುಗಿದು ದಶಕಗಳೇ ಆಗಿವೆ. ಈಗ ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲ, ಗಾಳಿ ಊದುವ ಫ್ಯಾನ್ ಇಲ್ಲ, ನೀರು ಎತ್ತುವ ಪಂಪ್ ಇಲ್ಲ. ಮುಂದೆ ಹೇಳುವ ಪ್ರತಿಯೊಂದು ಹಂತವೂ ಇದೇ ಕಾರಣಕ್ಕೆ ಇದೆ.

1. ಮೊದಲು ಮನೆಯಲ್ಲಿ ಕೂತು ಹುಡುಕಿ

ಹಳೇ ಗಣಿ ನೋಡುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಕಾಗದದ ಮೇಲೆ ಆಗುತ್ತದೆ. ನನಗೆ ಇದೇ ಹೆಚ್ಚು ಇಷ್ಟದ ಭಾಗ ಕೂಡ.

ಸರ್ವೇ ಆಫ್ ಇಂಡಿಯಾದ ಟೋಪೋಶೀಟ್‌ಗಳಿಂದ, ಅಂದರೆ ನೆಲದ ಏರುತಗ್ಗು, ದಾರಿ ಎಲ್ಲ ತೋರಿಸುವ ನಕ್ಷೆಗಳಿಂದ ಶುರು ಮಾಡಿ. ಹಳೇ ಸಂಖ್ಯೆಯ ಪ್ರಕಾರ ನಮ್ಮ ಭಾಗ 57ಡಿ ಹಾಳೆಯಲ್ಲಿ ಬರುತ್ತದೆ. ಮೈಸೂರು ನಗರ 57ಡಿ/11, ನಂಜನಗೂಡು 57ಡಿ/12, ಮಂಡ್ಯ 57ಡಿ/14. 1:50,000 ಅಳತೆಯ ಈ ನಕ್ಷೆಗಳಲ್ಲಿ ಗಣಿ, ಕ್ವಾರಿ, ಹಳೇ ಗಾಡಿದಾರಿ ಇವೆಲ್ಲ ಗುರುತಾಗಿರುತ್ತವೆ. ಹೊಲಗಳ ನಡುವೆ ಹೋಗಿ ಯಾವ ಊರನ್ನೂ ಮುಟ್ಟದೆ ನಿಂತುಬಿಡುವ ದಾರಿ ಕಂಡರೆ ಅದರ ಕೊನೆಯನ್ನು ಗಮನಿಸಿ. ಅದಿರಿನ ಗಾಡಿಗಳು ಅಲ್ಲಿಂದ ಹೊರಟಿರಬಹುದು.

ಆಮೇಲೆ ಭೂವಿಜ್ಞಾನದ ನಕ್ಷೆ. ಜಿಯಲಾಜಿಕಲ್ ಸರ್ವೇ ಆಫ್ ಇಂಡಿಯಾದ ಭೂಕೋಶ್ ಜಾಲತಾಣದಲ್ಲಿ ಯಾವ ಊರಿನ ಕೆಳಗೆ ಯಾವ ಕಲ್ಲು ಇದೆ ಅಂತ ನೋಡಬಹುದು. ನಕ್ಷೆಯಲ್ಲಿ ಡ್ಯುನೈಟ್, ಸರ್ಪೆಂಟಿನೈಟ್ ಅನ್ನುವ ಕಲ್ಲುಗಳ ಹೆಸರು ಬರೆದಿರುವ ಪಟ್ಟೆಗಳು ಕಂಡರೆ ಅಲ್ಲಿ ಕ್ರೋಮೈಟ್, ಮ್ಯಾಗ್ನಸೈಟ್ ಹುಡುಕಿರುವ ಸಾಧ್ಯತೆ ಇದೆ. ಶಿಸ್ಟ್ ಅನ್ನುವ ಪದರಪದರ ಕಲ್ಲಿನ ಪಟ್ಟೆಯ ಒಳಗೆ ಬಿಳಿ ಸ್ಫಟಿಕಶಿಲೆಯ ಎಳೆಗಳಿದ್ದರೆ ಚಿನ್ನಕ್ಕಾಗಿ ಕೆದಕಿರಬಹುದು. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಭೂವಿಜ್ಞಾನ ಇಲಾಖೆ ಶುರುವಾಗಿತ್ತು. ಅದರ ಹಳೇ ವರದಿಗಳಲ್ಲಿ ಊರಿನ ಹೆಸರು, ಗುಂಡಿಯ ಆಳ, ತೆಗೆದ ಅದಿರಿನ ತೂಕ ಎಲ್ಲ ಸಿಗುತ್ತದೆ. ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದ ಕಡೆ ಒಮ್ಮೆ ಹೋಗಿ ವಿಚಾರಿಸಿ. ಅಲ್ಲಿಯವರಿಗೆ ಈ ಕಲ್ಲುಗಳು ಪಾಠದ ವಿಷಯ. ಅವರ ಜೊತೆ ಒಂದು ಕ್ಷೇತ್ರ ಪ್ರವಾಸಕ್ಕೆ ಹೋಗಲು ಸಿಕ್ಕರೆ ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ಕೊನೆಗೆ ಗೂಗಲ್ ಅರ್ತ್. ಹಳೇ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿ. ಬೇಸಿಗೆಯ ಚಿತ್ರದಲ್ಲಿ ಗಿಡ ಒಣಗಿದಾಗ ಮಣ್ಣಿನ ದಿಬ್ಬಗಳು ಎದ್ದು ಕಾಣುತ್ತವೆ.

2. ಊರಿನ ಹಿರಿಯರನ್ನು ಮಾತಾಡಿಸಿ

ನಕ್ಷೆಯಲ್ಲಿ ಇಲ್ಲದ್ದು ಇವರ ಹತ್ತಿರ ಇರುತ್ತದೆ. ಯಾವ ಗುಂಡಿಯಲ್ಲಿ ಎಮ್ಮೆ ಬಿತ್ತು, ಯಾವ ಸುರಂಗದಲ್ಲಿ ಮಳೆಗಾಲದಲ್ಲಿ ನೀರು ತುಂಬುತ್ತದೆ, ಯಾವ ಗಣಿಯ ಬಾಯನ್ನು ಮಣ್ಣು ಹಾಕಿ ಮುಚ್ಚಿದರು, ಕೆಲಸ ಯಾವಾಗ ನಿಂತಿತು, ಇದೆಲ್ಲ ಟೀ ಅಂಗಡಿಯಲ್ಲಿ ಕೂತು ಕೇಳಿದರೆ ಹೇಳುತ್ತಾರೆ. ಅವರಲ್ಲಿ ಯಾರಾದರೂ ಆ ಗಣಿಯಲ್ಲೇ ದುಡಿದವರಿದ್ದರೆ ಅವರಿಗೆ ಸಮಯ ಕೊಡಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ತಲೆಯ ಮೇಲೆ ಬುಟ್ಟಿ ಹೊತ್ತವರ, ಬಂಡೆ ಕೊರೆದವರ ನೆನಪು ಯಾವ ಇಲಾಖೆಯ ಕಡತದಲ್ಲೂ ಪೂರ್ತಿ ಇರುವುದಿಲ್ಲ. ಸುರಂಗದ ಫೋಟೋಗಿಂತ ಅದು ಬೆಲೆಯುಳ್ಳದ್ದು ಅಂತ ನಾನು ನಂಬಿದ್ದೇನೆ.

ನೀವು ಯಾಕೆ ಬಂದಿದ್ದೀರಿ ಅಂತಲೂ ನೇರವಾಗಿ ಹೇಳಿ. ಹೇಳದಿದ್ದರೆ ನಿಧಿ ಅಗೆಯಲು ಬಂದವರು ಅಂತ ಊರವರಿಗೆ ಅನುಮಾನ ಬರುತ್ತದೆ. ಅದು ಸಹಜ ಅಲ್ವಾ?

3. ಅನುಮತಿ ಇಲ್ಲದೆ ಕಾಲಿಡಬೇಡಿ

ಪಾಳುಬಿದ್ದಿದೆ ಅಂದ ಮಾತ್ರಕ್ಕೆ ಯಾರದ್ದೂ ಅಲ್ಲ ಅಂತ ಅರ್ಥವಲ್ಲ. ಮೊದಲು ಸರ್ವೇ ನಂಬರ್ ತಿಳಿದುಕೊಳ್ಳಿ. ಪಹಣಿ ನೋಡಿದರೆ ಜಮೀನು ಖಾಸಗಿಯೋ, ಗೋಮಾಳವೋ, ಅರಣ್ಯವೋ ಗೊತ್ತಾಗುತ್ತದೆ. ಖಾಸಗಿ ಆದರೆ ಮಾಲೀಕರು, ಸರ್ಕಾರಿ ಜಾಗ ಆದರೆ ತಹಶೀಲ್ದಾರ್ ಕಚೇರಿ, ಕಾಡು ಆದರೆ ವಲಯ ಅರಣ್ಯಾಧಿಕಾರಿ. ಗಣಿ ಗುತ್ತಿಗೆ ಇನ್ನೂ ಜೀವಂತ ಇದೆಯೇ ಅನ್ನೋದನ್ನು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಕೇಳಿ. ನಮ್ಮ ಕಡೆಯ ಎಷ್ಟೋ ಗುತ್ತಿಗೆಗಳು ಹಿಂದೆ ಮೈಸೂರು ಮಿನರಲ್ಸ್ ಹೆಸರಿನಲ್ಲಿದ್ದ ರಾಜ್ಯ ಸರ್ಕಾರದ ಸಂಸ್ಥೆಯ ಕೈಯಲ್ಲಿದ್ದವು.

ಗುತ್ತಿಗೆ ಚಾಲ್ತಿಯಲ್ಲಿದ್ದರೆ ಗಣಿ ಸುರಕ್ಷತೆಯ ಕಾನೂನು, ನಿಯಮಗಳು ಅನ್ವಯಿಸುತ್ತವೆ. ಆಗ ಗಣಿ ವ್ಯವಸ್ಥಾಪಕರ ಒಪ್ಪಿಗೆ ಇಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಇಲ್ಲ ಅಂದರೆ ಬಿಟ್ಟುಬಿಡಿ, ನೆಲದ ಮೇಲೆ ನೋಡುವುದೇ ಬೇಕಾದಷ್ಟಿದೆ. ಅದಿರಿನ ತುಂಡು, ಹಳೇ ಕಬ್ಬಿಣ, ಹಳಿ, ಏನನ್ನೂ ಮನೆಗೆ ತರಬೇಡಿ. ಅದು ಕಳ್ಳತನ. ಮುಂದೆ ಬರುವವರಿಗೆ ಆ ಜಾಗದ ಕಥೆಯೂ ಹೋಗಿಬಿಡುತ್ತದೆ.

4. ನೆಲದ ಮೇಲಿನ ಗುರುತುಗಳನ್ನು ಓದಿ

ಮೊದಲ ಭೇಟಿಯಲ್ಲಿ ಒಳಗೆ ಹೋಗುವ ಮಾತೇ ಬೇಡ. ಇಡೀ ದಿನ ಮೇಲೇ ಕಳೆಯಿರಿ.

ಗಣಿಯಿಂದ ಹೊರಗೆ ಸುರಿದ ಕಲ್ಲುಮಣ್ಣಿನ ದಿಬ್ಬಕ್ಕೆ ಡಂಪ್ ಅಂತಾರೆ. ಒಳಗೆ ಏನಿದೆ ಅಂತ ಅದು ಹೊರಗಿನಿಂದಲೇ ಹೇಳುತ್ತದೆ. ಕಪ್ಪಗೆ, ಕೈಗೆತ್ತಿಕೊಂಡರೆ ಗಾತ್ರಕ್ಕಿಂತ ಭಾರ ಅನ್ನಿಸುವ ಕಲ್ಲು ಕ್ರೋಮೈಟ್ ಇರಬಹುದು. ಒರಟು ಬಿಳಿ ಪಿಂಗಾಣಿಯ ಮೇಲೆ ಉಜ್ಜಿದರೆ ಕಂದು ಗೆರೆ ಬರುತ್ತದೆ. ಹಸಿರು, ಮುಟ್ಟಿದರೆ ಸೋಪಿನಂತೆ ನುಣುಪಾಗಿರುವುದು ಸರ್ಪೆಂಟಿನೈಟ್. ಅಚ್ಚ ಬಿಳಿ, ಹೂಕೋಸಿನಂತೆ ಗಂಟುಗಂಟಾಗಿರುವುದು ಮ್ಯಾಗ್ನಸೈಟ್. ಬಿಳಿ ಸ್ಫಟಿಕಶಿಲೆಯ ಬಿರುಕಿನಲ್ಲಿ ತುಕ್ಕಿನ ಬಣ್ಣ ಇದ್ದರೆ ಅದು ಚಿನ್ನ ಹುಡುಕಿದ ಜಾಗದ ಲಕ್ಷಣ.

ಡಂಪಿನ ಗಾತ್ರದಿಂದ ಸುರಂಗದ ಉದ್ದವನ್ನೂ ಅಂದಾಜು ಮಾಡಬಹುದು. ಒಡೆದ ಕಲ್ಲು ಗಟ್ಟಿ ಬಂಡೆಗಿಂತ ಸುಮಾರು ಒಂದೂವರೆ ಪಟ್ಟು ಜಾಗ ತಿನ್ನುತ್ತದೆ. ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಸುರಂಗವನ್ನು ಒಂದು ಮೀಟರ್ ಮುಂದಕ್ಕೆ ಕೊರೆದರೆ 4 ಘನ ಮೀಟರ್ ಬಂಡೆ, ಹೊರಗೆ ಸುರಿದಾಗ ಅದು ಸುಮಾರು 6 ಘನ ಮೀಟರ್. ಹೆಜ್ಜೆ ಹಾಕಿ ಅಳೆದ ಡಂಪ್ 600 ಘನ ಮೀಟರ್ ಇದ್ದರೆ ಒಳಗೆ ನೂರು ಮೀಟರ್‌ನಷ್ಟಾದರೂ ಕೊರೆದಿದ್ದಾರೆ ಅಂತಾಯಿತು. ಅದಿರು ಲಾರಿ ಹತ್ತಿ ಹೋಗಿರುವುದರಿಂದ ನಿಜವಾದ ಟೊಳ್ಳು ಇದಕ್ಕಿಂತ ದೊಡ್ಡದು. ಬಾಯಿ ಸಣ್ಣದಾಗಿದ್ದು ಡಂಪ್ ದೊಡ್ಡದಾಗಿದ್ದರೆ ಎಚ್ಚರ, ಒಳಗೆ ಹಲವು ಮಟ್ಟಗಳಿವೆ, ನೀವು ನಿಂತ ನೆಲದ ಕೆಳಗೂ ಟೊಳ್ಳು ಇರಬಹುದು.

ನೆಲ ತಟ್ಟೆಯ ಹಾಗೆ ತಗ್ಗಿದ್ದರೆ, ಮರಗಳು ಒಂದೇ ಕಡೆಗೆ ವಾಲಿದ್ದರೆ, ಕಮಾನಿನಾಕಾರದ ಬಿರುಕು ಬಿಟ್ಟಿದ್ದರೆ ಅದರ ಮೇಲೆ ನಡೆಯಬೇಡಿ. ಕ್ರೋಮೈಟ್ ಉಂಡೆಗಳ ಹಾಗೆ ಅಲ್ಲಲ್ಲಿ ಸಿಗುತ್ತದೆ, ಮೇಲ್ಮೈ ಹತ್ತಿರದವರೆಗೂ ಅಗೆದಿರುತ್ತಾರೆ. ಮೇಲೆ ಉಳಿದ ಬಂಡೆ ತೀರಾ ತೆಳ್ಳಗಿರಬಹುದು.

5. ನೆಟ್ಟಗೆ ಇಳಿಯುವ ಗುಂಡಿಯಿಂದ ದೂರ ಇರಿ

ಹಳೇ ಗಣಿಯ ಬಾಯಿ ಎರಡು ರೀತಿ. ಬೆಟ್ಟದ ಬದಿಯಿಂದ ಅಡ್ಡಡ್ಡ ಒಳಗೆ ಹೋಗುವುದು ಅಡಿಟ್. ಮೇಲಿನಿಂದ ಬಾವಿಯಂತೆ ಕೆಳಗಿಳಿಯುವುದು ಶಾಫ್ಟ್. ಹಗ್ಗ ಕಟ್ಟಿ ಇಳಿಯುವ ತರಬೇತಿ, ಮೇಲೆತ್ತುವ ತಂಡ, ಗಾಳಿ ಪರೀಕ್ಷೆ ಇವು ಮೂರೂ ಇಲ್ಲದವರು ಶಾಫ್ಟ್‌ಗೆ ಇಳಿಯಲೇಬಾರದು. ಈ ಮಾರ್ಗದರ್ಶಿ ಅಡಿಟ್‌ಗಳಿಗೆ ಮಾತ್ರ.

ನಮ್ಮ ಕಡೆ ಶಾಫ್ಟ್‌ಗಳ ದೊಡ್ಡ ಅಪಾಯ ಲಂಟಾನ. ಒಂದು ಮಳೆಗಾಲ ಕಳೆದರೆ ಸಾಕು, ಗುಂಡಿಯ ಬಾಯಿಯ ಸುತ್ತ ಹಬ್ಬಿ ಮೇಲಿನಿಂದ ಏನೂ ಕಾಣದ ಹಾಗೆ ಮುಚ್ಚಿಬಿಡುತ್ತದೆ. ಗಣಿ ಪ್ರದೇಶದಲ್ಲಿ ಪೊದೆಯನ್ನು ತಳ್ಳಿಕೊಂಡು ಅಡ್ಡದಾರಿ ಹಿಡಿಯಬೇಡಿ, ಕುರಿ ಕಾಯುವವರು ನಡೆಯುವ ದಾರಿಯಲ್ಲೇ ಹೋಗಿ. ಬಾಯಿಯ ಅಂಚು ಕೊಳವೆಯಾಕಾರದಲ್ಲಿ ಕುಸಿಯುತ್ತದೆ, ಹಾಗಾಗಿ 10 ಮೀಟರ್ ದೂರ ಇರಿ. ಕಲ್ಲು ಎಸೆದು ಆಳ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಮೂರು ಸೆಕೆಂಡ್‌ಗೆ ಸದ್ದು ಬಂದರೆ ಆಳ 40 ಮೀಟರ್‌ಗೂ ಜಾಸ್ತಿ ಅಂತ ಲೆಕ್ಕ. ಆದರೆ ಆ ಸದ್ದು ಕೇಳಲು ನೀವು ಅಂಚಿನಲ್ಲೇ ಬಗ್ಗಿ ನಿಂತಿರಬೇಕು. ಬೇಡ.

6. ಗಾಳಿಯ ವಿಷಯ: ಇದನ್ನು ಎರಡು ಸಲ ಓದಿ

ಪಾಳು ಬಾವಿಗೆ ಇಳಿದ ಒಬ್ಬ ಪ್ರಜ್ಞೆ ತಪ್ಪುವುದು, ಅವನನ್ನು ಎತ್ತಲು ಇಳಿದ ಇನ್ನಿಬ್ಬರೂ ಮೇಲೆ ಬರದೇ ಇರುವುದು, ಇಂಥ ಸುದ್ದಿ ನಾವೆಲ್ಲ ಓದಿದ್ದೇವೆ. ಹಳೇ ಗಣಿಯಲ್ಲಿ ಆಗುವುದೂ ಅದೇ. ಬಂಡೆ ಬೀಳುವುದು ಕಣ್ಣಿಗೆ ಕಾಣುತ್ತದೆ. ಕೆಟ್ಟ ಗಾಳಿ ಕಾಣುವುದಿಲ್ಲ, ಎಷ್ಟೋ ಸಲ ವಾಸನೆಯೂ ಇರುವುದಿಲ್ಲ.

ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 20.9. ಗಣಿಯೊಳಗೆ ಕೊಳೆಯುವ ಮರ ಅದನ್ನು ತಿನ್ನುತ್ತದೆ, ಚಿನ್ನದ ಅದಿರಿನ ಜೊತೆ ಇರುವ ಪೈರೈಟ್‌ನಂಥ ಗಂಧಕದ ಖನಿಜಗಳೂ ತಿನ್ನುತ್ತವೆ. ಭಾರತದ ಲೋಹದ ಗಣಿ ನಿಯಮ ಹೇಳುವುದು: ಆಮ್ಲಜನಕ ಶೇ. 19ಕ್ಕಿಂತ ಕಮ್ಮಿ ಇರಬಾರದು, ಇಂಗಾಲದ ಡೈಆಕ್ಸೈಡ್ ಶೇ. 0.5 ದಾಟಬಾರದು. ಆಮ್ಲಜನಕ 16ಕ್ಕೆ ಇಳಿದರೆ ಯೋಚನೆ ಮಂದವಾಗುತ್ತದೆ. ಅಪಾಯದಲ್ಲಿ ಇದ್ದೇನೆ ಅನ್ನೋದೇ ಮನಸ್ಸಿಗೆ ಹೊಳೆಯುವುದಿಲ್ಲ. 10ರ ಕೆಳಗೆ ಪ್ರಜ್ಞೆ ಹೋಗುತ್ತದೆ.

ಆದ್ದರಿಂದ ನಾಲ್ಕು ಅನಿಲಗಳ ಮೀಟರ್ ಇಲ್ಲದೆ ಒಳಗೆ ಹೋಗಬೇಡಿ. ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಹೊತ್ತಿಕೊಳ್ಳುವ ಅನಿಲ, ಈ ನಾಲ್ಕನ್ನು ಅದು ಅಳೆಯುತ್ತದೆ. ಕೊಳ್ಳುವ ಶಕ್ತಿ ಇಲ್ಲದಿದ್ದರೆ ಬಾಡಿಗೆಗೆ ಹುಡುಕಿ. ಅದೂ ಸಿಗದಿದ್ದರೆ ಹೊರಗಿನಿಂದ ನೋಡಿ ಬನ್ನಿ. ಕ್ಯಾಲಿಬ್ರೇಶನ್, ಅಂದರೆ ಮೀಟರ್ ಸರಿಯಾಗಿ ಅಳೆಯುವಂತೆ ಹೊಂದಿಸುವುದು, ಯಾವಾಗ ಆಗಿದೆ ಅಂತ ಕೇಳಿ, ಹೊರಗಿನ ಶುದ್ಧ ಗಾಳಿಯಲ್ಲಿ ಆನ್ ಮಾಡಿ, 20.9 ತೋರಿಸುತ್ತಿದೆಯೇ ನೋಡಿ.

ಇಲ್ಲೊಂದು ಸೂಕ್ಷ್ಮ ಇದೆ. ಸಾಮಾನ್ಯ ನಾಲ್ಕು ಅನಿಲದ ಮೀಟರ್ ಇಂಗಾಲದ ಡೈಆಕ್ಸೈಡನ್ನು ಅಳೆಯುವುದಿಲ್ಲ. ಅದರ ಆಮ್ಲಜನಕದ ಅಲಾರಂ ಸಾಮಾನ್ಯವಾಗಿ 19.5ಕ್ಕೆ ಹೊಡೆಯುತ್ತದೆ. ಅಷ್ಟು ಹೊತ್ತು ಕಾಯಬಾರದು. ಲೆಕ್ಕ ನೋಡಿ: ಬೇರೆ ಅನಿಲ ಬಂದು ಸೇರಿ ಆಮ್ಲಜನಕ 20.9ರಿಂದ 20.5ಕ್ಕೆ ಇಳಿದಿದ್ದರೆ, ಆ ಗಾಳಿಯ ಸುಮಾರು ಶೇ. 2 ಭಾಗ ಬೇರೇನೋ ಆಗಿದೆ ಅಂತ ಅರ್ಥ. ಆ ಬೇರೇನೋ ಇಂಗಾಲದ ಡೈಆಕ್ಸೈಡ್ ಆಗಿದ್ದರೆ ಅದು ನಿಯಮದ ಮಿತಿಯ ನಾಲ್ಕು ಪಟ್ಟು. ಮೀಟರ್ ಇನ್ನೂ ಸುಮ್ಮನೇ ಇರುತ್ತದೆ. ಹಾಗಾಗಿ 20.5 ಕಂಡ ಕೂಡಲೇ ತಿರುಗಿ ಹೊರಡಿ. ಮೀಟರನ್ನು ಮೊಣಕಾಲ ಮಟ್ಟಕ್ಕೂ ಇಳಿಸಿ ನೋಡಿ, ಯಾಕೆಂದರೆ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ಕೂರುತ್ತದೆ. ಕಾರಣವಿಲ್ಲದೆ ಏದುಸಿರು, ತಲೆನೋವು ಶುರುವಾದರೆ ಮೀಟರ್ ಏನೇ ಹೇಳಲಿ, ಹೊರಗೆ ಬನ್ನಿ.

ಮೇಣದಬತ್ತಿಯ ಪರೀಕ್ಷೆ ಸಾಲದು. ಆಮ್ಲಜನಕ ಸುಮಾರು 16ಕ್ಕೆ ಇಳಿಯುವ ತನಕ ಅದು ಉರಿಯುತ್ತಲೇ ಇರುತ್ತದೆ, ಕಾರ್ಬನ್ ಮಾನಾಕ್ಸೈಡ್ ಇದ್ದರೆ ಏನೂ ಹೇಳುವುದಿಲ್ಲ. ನಿಂತ ನೀರನ್ನು ಕಲಕುವುದೂ ಬೇಡ. ಅದರಲ್ಲಿ ಕರಗಿರುವ ಹೈಡ್ರೋಜನ್ ಸಲ್ಫೈಡ್ ಮೇಲೆ ಬರುತ್ತದೆ. ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಪ್ರಮಾಣ ಜಾಸ್ತಿ ಆದರೆ ಮೂಗೇ ಮರಗಟ್ಟಿ ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯಿತು, ಸರಿಹೋಯಿತು ಅಂದುಕೊಳ್ಳಬಾರದು.

ಮೈಸೂರಿನ ಹವೆಗೆ ಸಂಬಂಧಿಸಿದ ಇನ್ನೊಂದು ಮಾತು. ನೆಲದೊಳಗಿನ ಉಷ್ಣತೆ ವರ್ಷವಿಡೀ ಹೆಚ್ಚುಕಮ್ಮಿ ಊರಿನ ಸರಾಸರಿಯಷ್ಟೇ ಇರುತ್ತದೆ, ನಮ್ಮಲ್ಲಿ ಅದು 24-25 ಡಿಗ್ರಿ ಆಸುಪಾಸು. ಬೇರೆ ಬೇರೆ ಎತ್ತರದಲ್ಲಿ ಎರಡು ಬಾಯಿಗಳಿರುವ ಗಣಿಯಲ್ಲಿ ಒಳಗೂ ಹೊರಗೂ ಉಷ್ಣತೆ ಬೇರೆ ಇದ್ದಾಗ ಗಾಳಿ ತಾನೇ ಹರಿಯುತ್ತದೆ. ಎರಡೂ ಸಮ ಆದಾಗ ಹರಿವು ನಿಲ್ಲುತ್ತದೆ. ನಮ್ಮ ಹಿತವಾದ ಹವೆಯಲ್ಲಿ ಬೆಳಿಗ್ಗೆ, ಸಂಜೆ ಎಷ್ಟೋ ಹೊತ್ತು ಹೀಗೆ ಸಮ ಇರುತ್ತದೆ. ಮಧ್ಯಾಹ್ನ ಬಾಯಲ್ಲಿ ನಿಂತು ತಂಗಾಳಿ ಅನುಭವಿಸಿದ ಗಣಿಯಲ್ಲೇ ಸಂಜೆ ಗಾಳಿ ಸತ್ತಿರಬಹುದು. ಮಳೆ ಮೋಡ ಕವಿದು ವಾಯುಭಾರ ಇಳಿಯುವ ದಿನಗಳಲ್ಲಿ ಒಳಗಿನ ಮೂಲೆಮೂಲೆಯ ಕೆಟ್ಟ ಗಾಳಿ ಸುರಂಗಕ್ಕೆ ಬರುತ್ತದೆ. ನಿನ್ನೆ ಚೆನ್ನಾಗಿತ್ತು ಅನ್ನೋದು ಇವತ್ತಿಗೆ ಲೆಕ್ಕಕ್ಕಿಲ್ಲ.

7. ಯಾವಾಗ, ಯಾರ ಜೊತೆ, ಏನೇನು ಹಿಡಿದು

ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮೇ ತಿಂಗಳ ಗುಡುಗು ಮಳೆ ಶುರುವಾದ ಮೇಲೆ ಅಕ್ಟೋಬರ್ ಮಳೆ ಮುಗಿದು ನೆಲ ಒಣಗುವವರೆಗೂ ಒಳಗೆ ಹೋಗಬೇಡಿ. ಸರ್ಪೆಂಟಿನೈಟ್ ನೀರು ಕುಡಿದರೆ ಮೊದಲೇ ನುಣುಪಾದ ಪದರಗಳು ಇನ್ನೂ ಜಾರುತ್ತವೆ.

ಕಮ್ಮಿ ಅಂದರೂ ನಾಲ್ಕು ಜನ. ಮೂವರು ಒಳಗೆ, ಒಬ್ಬರು ಬಾಯಲ್ಲೇ ಹೊರಗೆ. ಒಳಗೆ ಒಬ್ಬರಿಗೆ ಏಟಾದರೆ ಒಬ್ಬರು ಜೊತೆಗಿರಬೇಕು, ಇನ್ನೊಬ್ಬರು ಹೊರಗೆ ಬಂದು ಹೇಳಬೇಕು. ಹೊರಗಿರುವವರು ಏನೇ ಆದರೂ ಒಳಗೆ ನುಗ್ಗಬಾರದು, ಇದನ್ನು ಮೊದಲೇ ಮಾತಾಡಿಕೊಳ್ಳಿ. ಅವರ ಕೆಲಸ 112ಕ್ಕೆ ಕರೆ ಮಾಡಿ ಜಾಗ ತೋರಿಸುವುದು, ಒಳಗೆ ಕೆಟ್ಟ ಗಾಳಿ ಇರಬಹುದು ಅಂತ ಬಂದವರಿಗೆ ಮೊದಲು ಹೇಳುವುದು. ಮನೆಯಲ್ಲೂ ಒಬ್ಬರಿಗೆ ಜಾಗದ ಲೊಕೇಶನ್, ಒಳಗೆ ಹೋಗುವ ಸಮಯ, ಹೊರಗೆ ಬರುವ ಸಮಯ ಬರೆದು ಕೊಡಿ. ಸುರಂಗದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ಗದ್ದಕ್ಕೆ ಪಟ್ಟಿ ಇರುವ ಒಳ್ಳೆ ಹೆಲ್ಮೆಟ್ ಬೇಕು, ಬೈಕ್ ಹೆಲ್ಮೆಟ್ ಆಗುವುದಿಲ್ಲ, ಕಿವಿ ಮುಚ್ಚಿದರೆ ಬಂಡೆಯ ಸದ್ದು ಕೇಳಿಸದು. ಒಬ್ಬೊಬ್ಬರಿಗೂ ಮೂರು ದೀಪ, ಒಂದು ಹಣೆಗೆ, ಎರಡು ಜೇಬಿಗೆ. ಗಟ್ಟಿ ಬೂಟು, ಉದ್ದ ತೋಳಿನ ಬಟ್ಟೆ, ಕೈಗವಸು, ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದು ಉದ್ದದ ಕೋಲು.

ಮುಖಗವಸಿನ ವಿಷಯದಲ್ಲಿ ಜಿಪುಣತನ ಬೇಡ. ಸರ್ಪೆಂಟಿನೈಟ್ ಇರುವ ಕಡೆ ಕಲ್ಲಿನ ಬಿರುಕಿನಲ್ಲಿ ನಾರುನಾರಾದ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತದೆ. ಬಟ್ಟೆಯ ಮಾಸ್ಕ್ ಪ್ರಯೋಜನವಿಲ್ಲ. ತೀರಾ ಸಣ್ಣ ಧೂಳನ್ನೂ ಹಿಡಿಯುವ ಪಿ100 ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ ಬೇಕು. ಆದರೆ ಅದು ಧೂಳನ್ನು ತಡೆಯುತ್ತದೆ ಅಷ್ಟೆ, ಆಮ್ಲಜನಕ ಕೊಡುವುದಿಲ್ಲ.

8. ಬಾಯಲ್ಲಿ ನಿಂತು ನೋಡಿ

ಕಾಲು ಗಂಟೆ ಸುಮ್ಮನೆ ನಿಲ್ಲಿ. ಮೈಸೂರು, ಮಂಡ್ಯ ಎರಡೂ ಕಡೆ ಕಬ್ಬಿನ ಗದ್ದೆಯಲ್ಲೇ ಚಿರತೆ ಮರಿ ಹಾಕುತ್ತದೆ, ಇನ್ನು ತಂಪಾದ ಸುರಂಗವನ್ನು ಬಿಡುತ್ತದೆಯೇ? ಹೆಜ್ಜೆ ಗುರುತು, ಮೂಳೆ, ಘಾಟು ವಾಸನೆ ಇದ್ದರೆ ಗಲಾಟೆ ಮಾಡದೆ ಹಿಂದಕ್ಕೆ ಬನ್ನಿ, ಅರಣ್ಯ ಇಲಾಖೆಗೆ ತಿಳಿಸಿ. ಬಾಯಿಯ ಮೇಲೆ ಹೆಜ್ಜೇನು ಕಟ್ಟಿದ್ದರೆ ಅವತ್ತು ಅಲ್ಲಿಗೇ ನಿಲ್ಲಿಸಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ನಾಗರ ಮತ್ತು ಕೊಳಕು ಮಂಡಲ ಎರಡೂ ಇಂಥ ಜಾಗದಲ್ಲಿ ಇರುತ್ತವೆ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ, ಕೈಕಾಲು ಅಲುಗಿಸದೆ ನೇರ ದೊಡ್ಡಾಸ್ಪತ್ರೆಗೆ.

ಬಾವಲಿಗಳಿದ್ದರೆ? ಒಂದೆರಡು ಇದ್ದರೆ ಬೆಳಕು ಬಿಡದೆ ಪಕ್ಕದಲ್ಲಿ ಹೋಗಬಹುದು. ಗುಂಪು ದೊಡ್ಡದಾಗಿದ್ದರೆ, ಅದರಲ್ಲೂ ಮರಿಗಳಿದ್ದರೆ, ವಾಪಸ್ ಬನ್ನಿ. ಗಾಬರಿಯಾದರೆ ತಾಯಂದಿರು ಮರಿಗಳನ್ನು ಕೆಡವಿಬಿಡುತ್ತವೆ. ಒಣಗಿದ ಹಿಕ್ಕೆಯ ಧೂಳಿನಿಂದ ಶಿಲೀಂಧ್ರದ ಸೋಂಕು ಬರುತ್ತದೆ, ಅದಕ್ಕೂ ಆ ರೆಸ್ಪಿರೇಟರ್ ಬೇಕು.

9. ಒಳಗೆ ಹೋದ ಮೇಲೆ

ಮುಂದೆ ಹೋಗುವವರ ಕೈಯಲ್ಲಿ ಮೀಟರ್ ಮತ್ತು ಕೋಲು. ಹಿಂದಿನವರು ಮೂರು ನಾಲ್ಕು ಹೆಜ್ಜೆ ಅಂತರ ಇಟ್ಟುಕೊಳ್ಳಿ. ಬಾಯಿಯಿಂದ ಮೊದಲ ಕೆಲವು ಮೀಟರ್ ಅತಿ ಅಪಾಯದ ಭಾಗ. ಬಿಸಿಲು, ಮಳೆ, ಬೇರು ಎಲ್ಲ ಸೇರಿ ಅಲ್ಲಿ ಕಲ್ಲನ್ನು ಸಡಿಲ ಮಾಡಿರುತ್ತವೆ. ಅಲ್ಲಿ ನಿಂತು ಫೋಟೋ ತೆಗೆಯುತ್ತಾ ಕೂರಬೇಡಿ.

ತಲೆಯ ಮೇಲೆ ನೋಡಿ, ಕಾಲ ಕೆಳಗೆ ನೋಡಿ, ಆಮೇಲೆ ಹೆಜ್ಜೆ. ಗಣಿ ಕಾರ್ಮಿಕರು ಕಬ್ಬಿಣದ ಸರಳಿನಿಂದ ಚಾವಣಿಯನ್ನು ತಟ್ಟಿ ಕೇಳುತ್ತಿದ್ದರು. ಗಟ್ಟಿ ಬಂಡೆ ಟಣ್ ಅನ್ನುತ್ತದೆ, ಸಡಿಲ ಆಗಿದ್ದರೆ ಡಬ್ ಅನ್ನುವ ಟೊಳ್ಳು ಸದ್ದು. ನೀವು ತಟ್ಟಲು ಹೋಗಬೇಡಿ, ಬಿದ್ದ ಕಲ್ಲುಗಳನ್ನು ನೋಡಿ ಸಾಕು. ನೆಲದ ಮೇಲೆ ಧೂಳು ಕೂರದ, ಅಂಚು ಚೂಪಾಗಿರುವ ಹೊಸ ಕಲ್ಲುಗಳಿದ್ದರೆ ಚಾವಣಿ ಈಗಲೂ ಬೀಳುತ್ತಿದೆ. ಅಲ್ಲಿಂದ ಹಿಂದಕ್ಕೆ. ಸರ್ಪೆಂಟಿನೈಟ್‌ನಲ್ಲಿ ಹೊಳೆಯುವ ನುಣುಪು ಮುಖಗಳು ಕಾಣುತ್ತವೆ, ಅವು ಮುನ್ಸೂಚನೆಯನ್ನೇ ಕೊಡದೆ ಜಾರಿ ಬೀಳುತ್ತವೆ. ಮರದ ಕಂಬಗಳನ್ನು ಮುಟ್ಟಬೇಡಿ, ಒರಗಬೇಡಿ. ಹೊರಗಿನಿಂದ ಗಟ್ಟಿ ಕಂಡರೂ ಒಳಗೆ ಗೆದ್ದಲು ತಿಂದಿರುತ್ತದೆ.

ನೆಲವೂ ಮೋಸ ಮಾಡುತ್ತದೆ. ಸುರಂಗದ ಮಧ್ಯದಿಂದ ಕೆಳಮಟ್ಟಕ್ಕೆ ತೋಡಿದ ಗುಂಡಿಗಳಿಗೆ ವಿಂಜ್ ಅಂತಾರೆ. ಇದರ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಕಲ್ಲುಮಣ್ಣು ಬಿದ್ದು, ಮಾಮೂಲಿ ನೆಲದ ಹಾಗೇ ಕಾಣುತ್ತದೆ. ಇಲ್ಲವೇ ನೀರು ತುಂಬಿಕೊಂಡು ಪಾದ ಮುಳುಗುವಷ್ಟೇ ಆಳ ಅನ್ನಿಸುತ್ತದೆ. ಮರದ ತುದಿ ಮಣ್ಣಿನಿಂದ ಇಣುಕಿದರೆ ನಿಲ್ಲಿ. ತಳ ಕಾಣದ ನೀರಿಗೆ ಕಾಲಿಡಬೇಡಿ. ಕೋಲಿನಿಂದ ತಡಕಿ ನೋಡಿದರೂ ಸಂಶಯ ಉಳಿದರೆ ವಾಪಸ್. ಕ್ರೋಮೈಟ್ ಗಣಿಯ ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಕರಗಿರಬಹುದು, ಮುಖ ತೊಳೆಯಲೂ ಬಳಸಬೇಡಿ.

ಕೆಂಪು, ಹಳದಿ ತಂತಿ, ಸಣ್ಣ ಅಲ್ಯುಮಿನಿಯಂ ಕೊಳವೆ, ಎಣ್ಣೆ ಸುರಿದಂತಿರುವ ಕಾಗದದ ಕಡ್ಡಿ ಕಂಡರೆ ಅದು ಬಂಡೆ ಸಿಡಿಸಲು ತಂದಿದ್ದ ಹಳೇ ಕೇಪು, ಜಿಲೆಟಿನ್ ಮದ್ದು ಇರಬಹುದು. ಹಳೆಯದಾದಷ್ಟೂ ಅದು ಸೂಕ್ಷ್ಮ. ಕಾಲಿನಿಂದಲೂ ತಾಗಿಸದೆ, ಬಂದ ದಾರಿಯಲ್ಲೇ ಹೊರಗೆ ಬಂದು ಪೊಲೀಸರಿಗೆ ತಿಳಿಸಿ. ಗೋಡೆಯಲ್ಲಿ ಕೊರೆದ ತೂತುಗಳಿಗೂ ಕಡ್ಡಿ ತುರುಕಬೇಡಿ, ಸಿಡಿಯದೆ ಉಳಿದ ಮದ್ದು ಒಳಗಿರಬಹುದು.

ದಾರಿ ಕವಲೊಡೆದ ಕಡೆಯಲ್ಲೆಲ್ಲ ಹಿಂದಕ್ಕೆ ತಿರುಗಿ ನೋಡಿ, ವಾಪಸ್ ಬರುವಾಗ ಅದು ಹೇಗೆ ಕಾಣುತ್ತದೆ ಅಂತ. ಹೊಳೆಯುವ ರಿಬ್ಬನ್ ಇಟ್ಟು, ಬರುವಾಗ ತೆಗೆದುಕೊಂಡು ಬನ್ನಿ. ಗೋಡೆಗೆ ಬಣ್ಣ ಹೊಡೆಯಬೇಡಿ. ದಿಕ್ಸೂಚಿಯನ್ನು ಪೂರ್ತಿ ನಂಬಬೇಡಿ, ಸರ್ಪೆಂಟಿನೈಟ್‌ನಲ್ಲಿ ಅಯಸ್ಕಾಂತದ ಗುಣದ ಮ್ಯಾಗ್ನೆಟೈಟ್ ಇರುವುದರಿಂದ ಮುಳ್ಳು ಅಲ್ಲಲ್ಲಿ ತಿರುಗುತ್ತದೆ. ಹೆಜ್ಜೆ ಎಣಿಸಿ ನೋಟ್‌ಬುಕ್‌ನಲ್ಲಿ ಗೆರೆ ಎಳೆಯುತ್ತಾ ಹೋಗುವುದು ಎಲ್ಲಕ್ಕಿಂತ ಗಟ್ಟಿ ವಿಧಾನ.

ಹಿಂದಿರುಗುವ ಸಮಯವನ್ನು ಹೊರಗೇ ತೀರ್ಮಾನಿಸಿ. ಇನ್ನೊಂದು ತಿರುವು ನೋಡಿ ಬರೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಗಡಿಯಾರ ಹೇಳಿದರೆ ತಿರುಗಿ. ತಂಡದಲ್ಲಿ ಒಬ್ಬರಿಗೆ ಸಾಕು ಅನ್ನಿಸಿದರೂ ಕಾರಣ ಕೇಳದೆ ಎಲ್ಲರೂ ಹೊರಡಬೇಕು.

10. ಹೊರಗೆ ಬಂದ ಮೇಲೆ

ಮೊದಲು ಮನೆಗೆ ಫೋನ್. ಬಟ್ಟೆಯನ್ನು ಅಲ್ಲೇ ಬದಲಿಸಿ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಕಾರಿನ ಸೀಟಿಗೆ, ಮನೆಯ ಮಕ್ಕಳ ಬಟ್ಟೆಗೆ ಆ ಧೂಳು ಸೇರಬಾರದು. ಬೇರೆಯಾಗಿ ಒಗೆಯಿರಿ. ಬೂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕೊಡವಬೇಡಿ.

ಅದೇ ಸಂಜೆ ನೋಟ್‌ಬುಕ್ ಗೆರೆಗಳನ್ನು ಒಳ್ಳೆ ನಕ್ಷೆ ಮಾಡಿ. ಉದ್ದ, ಅಗಲ, ಕಲ್ಲಿನ ಬಗೆ, ನೀರು ಇದ್ದ ಜಾಗ, ಮೀಟರ್ ಎಲ್ಲೆಲ್ಲಿ ಎಷ್ಟು ತೋರಿಸಿತು, ಎಲ್ಲ ಹಾಕಿ. ಹಿರಿಯರಿಂದ ಕೇಳಿ ಬರೆದುಕೊಂಡಿದ್ದನ್ನು ಜೊತೆಗಿಡಿ. ಒಂದು ಪ್ರತಿ ಅನುಮತಿ ಕೊಟ್ಟವರಿಗೆ, ಒಂದು ಪ್ರತಿ ಭೂವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಸಿಗುವ ಹಾಗೆ ಮಾಡಿ. ಬಾಯಿಯ ನಿಖರ ಲೊಕೇಶನ್ ಹಾಕಿ ಇನ್‌ಸ್ಟಾಗ್ರಾಮ್‌ನಲ್ಲಿ ಬಿಡಬೇಡಿ. ಮೀಟರ್ ಇಲ್ಲದ ಹುಡುಗರು ಮರುದಿನವೇ ಅಲ್ಲಿರುತ್ತಾರೆ.

ಬೇಲಿ ಇಲ್ಲದ ಶಾಫ್ಟ್ ಕಂಡಿದ್ದರೆ ದೂರದಿಂದ ಫೋಟೋ, ಸರ್ವೇ ನಂಬರ್, ಹತ್ತಿರದ ಮನೆ ಅಥವಾ ಶಾಲೆ ಎಷ್ಟು ದೂರ ಅನ್ನೋದನ್ನು ಬರೆದು ಗ್ರಾಮ ಪಂಚಾಯಿತಿಗೂ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಕುರಿ ಕಾಯುವ ಮಕ್ಕಳು ದಿನಾ ಅದರ ಪಕ್ಕದಲ್ಲೇ ಓಡಾಡುತ್ತಾರೆ. ಒಂದು ತಿಂಗಳಾದರೂ ಬೇಲಿ ಬರದಿದ್ದರೆ ಅದೇ ಸ್ವೀಕೃತಿ ಹಿಡಿದು ಮತ್ತೆ ಹೋಗಿ ಕೇಳಿ.